ದಸರೆಗೆ ಮಡಿಕೇರಿ: ಯಾವ ಬೆಟ್ಟ, ಯಾವ ದಿನ?

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. ಆಫೀಸಿನವರು, ಪಕ್ಕದ ಬ್ಲಾಕಿನವರು, ಹೆಂಡತಿ ಕಡೆಯ ನೆಂಟರು. 'ದಸರಾ ರಜೆಗೆ ಮಡಿಕೇರಿಗೆ ಹೋಗ್ತಾ ಇದೀವಿ. ಒಂದು ಒಳ್ಳೇ ಟ್ರೆಕ್ ಹೇಳಿ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರೋ ಥರದ್ದು.' ಬೆಟ್ಟದ ಹೆಸರು ಹೇಳೋದು ಸುಲಭ. ತಡಿಯಂಡಮೋಳ್ ಅಂದುಬಿಟ್ಟರೆ ಮುಗೀತು, ಅವರೂ ಖುಷಿ, ನಾನೂ ಖುಷಿ. ಆದರೆ ನಾನು ಮೊದಲು ಕೇಳೋದು ಬೇರೆ. ದಶಮಂಟಪ, ಅಂದರೆ ವಿಜಯದಶಮಿ ರಾತ್ರಿಯ ಹತ್ತು ಮಂಟಪಗಳ ಮೆರವಣಿಗೆ, ನೋಡ್ತೀರಾ? ನೋಡೋದಾದ್ರೆ ಎಷ್ಟು ಹೊತ್ತಿನ ತನಕ?

ಬೆಟ್ಟ ಹತ್ತೋಕೂ ಮಂಟಪಕ್ಕೂ ಏನು ಸಂಬಂಧ ಅಂತ ಅವರಿಗೆ ಅನ್ನಿಸುತ್ತೆ. ಬೆಂಗಳೂರಿನಲ್ಲಿ ಕೂತು ಪ್ಲಾನ್ ಮಾಡುವಾಗ ರಾತ್ರಿ ಹಬ್ಬ, ಬೆಳಿಗ್ಗೆ ಬೆಟ್ಟ ಅಂತ ಬರೆದುಕೊಳ್ಳುತ್ತೇವೆ. ಕಾಗದದ ಮೇಲೆ ಎರಡೂ ಸಲೀಸಾಗಿ ಕೂರುತ್ತವೆ. ಮಡಿಕೇರಿಯಲ್ಲಿ ಕೂರಲ್ಲ. ಅಲ್ಲಿಯದು ಊರಿಗೆ ಊರೇ ರಾತ್ರಿಯೆಲ್ಲಾ ಎಚ್ಚರ ಇರುವ ಹಬ್ಬ. ಅಲ್ಲಿಗೆ ಹೋದವರು ಯಾವ ಬೆಟ್ಟ ಅನ್ನೋದನ್ನು ಆ ರಾತ್ರಿಯಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಎತ್ತರ, ಫೋಟೋ, ರೇಟಿಂಗು, ಇವೆಲ್ಲ ಆಮೇಲೆ.

ಮೈಸೂರು ದಸರಾ ನೋಡಿ ಅಭ್ಯಾಸ ಆದವರಿಗೆ ಇದು ಬೇಗ ತಲೆಗೆ ಹೋಗಲ್ಲ. ಮೈಸೂರಿನ ಜಂಬೂಸವಾರಿ ಮಧ್ಯಾಹ್ನದ ಮೇಲೆ ಅರಮನೆಯಿಂದ ಹೊರಟು ಬನ್ನಿಮಂಟಪ ಮುಟ್ಟುತ್ತೆ. ಪಂಜಿನ ಕವಾಯತು ಮುಗಿಸಿ, ಊಟ ಮಾಡಿ, ಮಲಗಬಹುದು. ಮಡಿಕೇರಿಯಲ್ಲಿ ಬಿಸಿ ಏರೋದೇ ಆ ಹೊತ್ತಿಗೆ. ಅಲ್ಲಿ ನವರಾತ್ರಿ ಶುರುವಾಗೋದು ಕರಗದಿಂದ. ಪಂಪಿನ ಕೆರೆಯಲ್ಲಿ ಪೂಜೆಯಾಗಿ ನಾಲ್ಕು ಕರಗಗಳು ಊರೊಳಗೆ ಬರುತ್ತವೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಹಿಂದೆ ಊರಿಗೆ ರೋಗ ಬಂದಾಗ ಅಮ್ಮನಿಗೆ ಹರಕೆ ಹೊತ್ತು ಶುರುವಾಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಧರ್ಮರಾಯನ ಗುಡಿಯ ಕರಗ ನೋಡುತ್ತಾ ಬೆಳೆದ ನಮ್ಮಂಥ ಪೇಟೆ ಬೆಂಗಳೂರಿನವರಿಗೆ ಇದು ನಮ್ಮದೇ ಅನ್ನಿಸುತ್ತೆ. ಆದರೆ ನಮ್ಮದು ಚೈತ್ರದ ಹುಣ್ಣಿಮೆಯ ಸೆಕೆಯಲ್ಲಿ ನಡೆಯೋದು. ಅವರದು ಮಂಜು, ಜಿಟಿಜಿಟಿ ಮಳೆ, ಜರ್ಕಿನ್ನುಗಳ ನಡುವೆ.

ಆಮೇಲೆ ವಿಜಯದಶಮಿ ರಾತ್ರಿ. ಹತ್ತು ದೇವಸ್ಥಾನಗಳ ಹತ್ತು ಮಂಟಪ. ಒಂದೊಂದೂ ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಪೂರ್ತಿ ಪುರಾಣ ಪ್ರಸಂಗ. ದೇವಿ, ರಾಕ್ಷಸ, ಹೊಗೆ, ಬಣ್ಣದ ಲೈಟು, ಎದೆ ಅದುರಿಸುವ ಸೌಂಡು, ಹಿಂದೆ ಜನರೇಟರು. ರಾಕ್ಷಸನ ಕತ್ತು ತಿರುಗುತ್ತೆ, ಗದೆ ಮೇಲೇಳುತ್ತೆ, ದೇವಿ ಮುಂದೆ ಬರುತ್ತಾಳೆ. ಮುಂದೆ ನಿಂತು ನೋಡೋದು ಒಂದು ಚೆಂದ. ನನಗೆ ಪಕ್ಕದಲ್ಲಿ ನಿಂತು ನೋಡೋದು ಜಾಸ್ತಿ ಇಷ್ಟ. ಅಲ್ಲಿಂದ ಕಬ್ಬಿಣದ ಚೌಕಟ್ಟಿನ ಒಳಗೆ ಕೂತ ಹುಡುಗ ಕಾಣುತ್ತಾನೆ. ಕೈಗೆಲ್ಲ ಗ್ರೀಸು ಮೆತ್ತಿರುತ್ತೆ, ಹಣೆಗೆ ಒಂದು ಟಾರ್ಚು ಕಟ್ಟಿರುತ್ತಾನೆ. ಸಂಗೀತದಲ್ಲಿ ತನ್ನ ಸರದಿ ಬರೋದನ್ನೇ ಕಾಯುತ್ತಾ, ಬಂದ ಕೂಡಲೇ ಲಿವರ್ ಎಳೆಯುತ್ತಾನೆ. ಹೊರಗೆ ಸಾವಿರಾರು ಜನ ಕೂಗುತ್ತಾರೆ. ಅವನಿಗೆ ರಾಕ್ಷಸನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಮಂಟಪಗಳ ನಡುವೆ ಬಹುಮಾನಕ್ಕೆ ಪೈಪೋಟಿ ಇರುತ್ತೆ, ಹಾಗಾಗಿ ಯಾರೂ ಅವಸರ ಮಾಡಲ್ಲ. ಹತ್ತನ್ನೂ ನೋಡಬೇಕು ಅಂದರೆ ಕೋಳಿ ಕೂಗೋ ಹೊತ್ತಾಗುತ್ತೆ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಎದ್ದು ತಡಿಯಂಡಮೋಳ್ ಹತ್ತೋಣ ಅಂತ ಯಾರಾದರೂ ಹೇಳಿದರೆ ನಾನು ಬೇಡ ಅಂತೀನಿ. ನಿಮಗೆ ಸುಸ್ತಾಗುತ್ತೆ ಅಂತಲ್ಲ. ಇಪ್ಪತ್ತೈದು ವರ್ಷದವರು ನಿದ್ದೆಗೆಟ್ಟೂ ಹತ್ತಿಬಿಡಬಹುದು. ನಿಮ್ಮ ಗಾಡಿ ಓಡಿಸುವವರೂ ರಾತ್ರಿ ಮಂಟಪದ ಮುಂದೆಯೇ ಇದ್ದರಲ್ಲ, ಅದು ನನ್ನ ತಕರಾರು. ಅವರ ಊರಿನ ಹಬ್ಬ. ಬಹುಶಃ ಅವರ ತಮ್ಮನೇ ಆ ಚೌಕಟ್ಟಿನೊಳಗೆ ಕೂತಿದ್ದ. ಕೊಡಗಿನ ತಿರುವು ರಸ್ತೆಗಳಲ್ಲಿ, ಮಂಜಿನಲ್ಲಿ, ಎರಡು ಗಂಟೆಯೂ ಮಲಗದ ಡ್ರೈವರ್ ಪಕ್ಕ ಕೂರಬೇಕು. ಬೆಟ್ಟದಲ್ಲಿ ಆಗುವ ಅಪಾಯದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಬೆಟ್ಟದ ಬುಡಕ್ಕೆ ಹೋಗುವ ರಸ್ತೆ ಬಗ್ಗೆ ಯಾರೂ ಮಾತಾಡಲ್ಲ. ಸ್ವಂತ ಕಾರಿನವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತೆ.

ಹಿಂದಿನ ದಿನ ಆಯುಧಪೂಜೆ. ಆವತ್ತು ಇನ್ನೊಂದು ಪಜೀತಿ. ನಮ್ಮಲ್ಲಿ ಹೇಗೆ ಆಟೋ ಸ್ಟ್ಯಾಂಡು, ಗ್ಯಾರೇಜು, ಆಫೀಸಿನ ಸರ್ವರ್ ರೂಮು ಎಲ್ಲದಕ್ಕೂ ಚೆಂಡು ಹೂವು ಬೀಳುತ್ತೋ, ಅಲ್ಲೂ ಹಾಗೇ. ಬೆಳಿಗ್ಗೆ ಜೀಪುಗಳನ್ನು ತೊಳೆಯುತ್ತಾರೆ. ಚಕ್ರದ ಕೆಸರು ಕೆರೆದು, ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ಕುಂಬಳಕಾಯಿ ಒಡೆಯುತ್ತಾರೆ. ಹಾಗೆ ಶೃಂಗಾರ ಮಾಡಿದ ಜೀಪನ್ನು ತಕ್ಷಣ ಕೆಸರಿಗೆ ಇಳಿಸು ಅಂದರೆ ಯಾರಿಗೆ ಮನಸ್ಸು ಬರುತ್ತೆ? ಮಧ್ಯಾಹ್ನದವರೆಗೆ ಜೀಪು ಸಿಗೋದು ಕಷ್ಟ. ಅದಕ್ಕೇ ಆವತ್ತು ಜೀಪಿನ ಹಂಗಿಲ್ಲದ ಜಾಗ ಹಿಡಿಯಬೇಕು. ದೊಡ್ಡ ಬೆಟ್ಟ ಏನಿದ್ದರೂ ದುರ್ಗಾಷ್ಟಮಿ ಅಥವಾ ಅದಕ್ಕೂ ಮುಂಚೆ. ಅಷ್ಟು ಬೇಗ ರಜೆ ಸಿಗಲ್ಲ ಅನ್ನೋರು ದೊಡ್ಡ ಬೆಟ್ಟದ ಆಸೆ ಬಿಡೋದು ಒಳ್ಳೇದು. ಇದನ್ನು ಹೇಳಿದಾಗಲೇ ಅರ್ಧ ಜನ ಮುನಿಸಿಕೊಳ್ಳೋದು.

ಇನ್ನು ತಾರೀಕಿನ ವಿಷಯ. 'ದಸರಾ ಟೈಮಲ್ಲಿ ಅಲ್ಲಿ ಮಳೆ ಇರುತ್ತಾ?' ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಹಬ್ಬ ಚಂದ್ರನ ಲೆಕ್ಕದಲ್ಲಿ ಬರುತ್ತೆ, ಮಳೆ ಸೂರ್ಯನ ಲೆಕ್ಕದಲ್ಲಿ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ ಬಂತು. 2024ರಲ್ಲಿ ಅಕ್ಟೋಬರ್ 12ಕ್ಕೆ. 2025ರಲ್ಲಿ ಅಕ್ಟೋಬರ್ 2ಕ್ಕೇ, ಗಾಂಧಿ ಜಯಂತಿಯ ದಿನವೇ. ಹಳೆ ಪಂಚಾಂಗದ ಪ್ರಕಾರ ನೋಡಿದರೆ ಒಂದು ಸ್ವಾತಿ ಮಳೆಯಲ್ಲಿ, ಒಂದು ಚಿತ್ತಾ ಮಳೆಯಲ್ಲಿ, ಒಂದು ಹಸ್ತ ಮಳೆಯಲ್ಲಿ. ಮೂರು ವಾರದ ಅಂತರ ಬೆಂಗಳೂರಿನಲ್ಲಿ ಅಷ್ಟು ಗೊತ್ತಾಗಲ್ಲ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಮಡಿಕೇರಿಯಲ್ಲಿ ಅದು ಬೇರೆಯೇ ಬೆಟ್ಟ. ಅಕ್ಟೋಬರ್ ಮೊದಲ ವಾರದಲ್ಲಿ ಮುಂಗಾರು ಇನ್ನೂ ಪೂರ್ತಿ ಜಾಗ ಖಾಲಿ ಮಾಡಿರಲ್ಲ. ಹುಲ್ಲು ಎದೆಮಟ್ಟ ಇರುತ್ತೆ, ದಾರಿಯಲ್ಲಿ ನೀರು ಹರಿಯುತ್ತಿರುತ್ತೆ, ಕಾಡಿನ ನೆರಳಿನಲ್ಲಿ ಇಂಬಳಗಳು ಕಾಯುತ್ತಿರುತ್ತವೆ. ಕೊನೆಯ ವಾರದ ಹೊತ್ತಿಗೆ ಬೆಳಗ್ಗೆ ಆಕಾಶ ತೊಳೆದಿಟ್ಟಂತೆ ಕಾಣುತ್ತೆ. ಆದರೆ ಮಧ್ಯಾಹ್ನದ ಮೇಲೆ ಹಿಂಗಾರಿನ ಗುಡುಗು ಮಳೆ. ಚಿತ್ತೆಗೆ ನಮ್ಮ ಕಡೆ ಕುರುಡು ಚಿತ್ತೆ ಅಂತಾರಲ್ಲ, ಎಲ್ಲಿ ಎರಚುತ್ತೋ ಅದಕ್ಕೇ ಗೊತ್ತಿರಲ್ಲ. ಅದಕ್ಕೇ ಹಬ್ಬ ಬೇಗ ಬಂದ ವರ್ಷ ಕಾಡಿನ ದಾರಿ ಕಡಿಮೆ ಇರೋ ಬೆಟ್ಟ. ತಡವಾಗಿ ಬಂದ ವರ್ಷ ಮಧ್ಯಾಹ್ನ ಒಂದು ಗಂಟೆಯೊಳಗೆ ಬೋಳು ನೆತ್ತಿಯಿಂದ ಇಳಿದು ಬಿಡಬಹುದಾದ ಬೆಟ್ಟ. ಹುಲ್ಲುಗಾವಲಿನ ತುದಿಯಲ್ಲಿ ಸಿಡಿಲು ಬಂದಾಗ ಅಲ್ಲಿರುವ ಅತಿ ಎತ್ತರದ ವಸ್ತು ನೀವೇ.

ಈಗ ತಡಿಯಂಡಮೋಳ್. ಹೇಳದೆ ಇರೋಕಾಗಲ್ಲ. 1,748 ಮೀಟರ್, ಕೊಡಗು ಜಿಲ್ಲೆಯ ಅತಿ ಎತ್ತರದ ಶಿಖರ. ಮಡಿಕೇರಿಯಿಂದ ನಾಪೋಕ್ಲು ದಾಟಿ ಕಕ್ಕಬೆ ಕಡೆ ಹೋಗಬೇಕು. ಬುಡದಲ್ಲಿ ನಾಲ್ಕುನಾಡು ಅರಮನೆ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಅರಮನೆ ಅಂದರೆ ಮೈಸೂರಿನದ್ದು ನೆನೆಸಿಕೊಳ್ಳಬೇಡಿ. ಹೆಂಚಿನ ಮಾಡು, ಮರದ ಕೆತ್ತನೆ, ಗೋಡೆ ಮೇಲೆ ಮಾಸಿದ ಚಿತ್ರಗಳು, ಮುಂದೆ ಒಂದು ಪುಟ್ಟ ಮಂಟಪ. ಕಾಡಿನ ಮಗ್ಗುಲಲ್ಲಿ ಅಡಗಿಕೊಂಡು ಕೂತ ದೊಡ್ಡ ಮನೆ ಅಷ್ಟೇ. ಕಟ್ಟಿದವರ ಉದ್ದೇಶವೂ ಅಡಗುವುದೇ ಇದ್ದಿರಬೇಕು, ಶತ್ರುಗಳು ಕಡಿಮೆ ಇರಲಿಲ್ಲ ಅವರಿಗೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಮೇಲೆ ಈ ಮನೆಗೆ ರಾಜರಿಲ್ಲ. ಬೆಳಿಗ್ಗೆ ಬೇಗ ಬಂದವರು ಇದನ್ನು ನೋಡದೆ ಮೇಲೆ ಓಡ್ತಾರೆ, ಇಳಿದು ಬಂದಾಗ ಕಾಲು ನೋವು ಅಂತ ಕಾರು ಹತ್ತುತ್ತಾರೆ. ಹತ್ತುವ ಮುಂಚೆಯೇ ಹತ್ತು ನಿಮಿಷ ಕೊಡಿ.

ಅಲ್ಲಿಂದ ದಾರಿ ಮೊದಲು ಕಾಫಿ ತೋಟದ ನಡುವೆ ಏರುತ್ತದೆ. ಅಕ್ಟೋಬರಿನಲ್ಲಿ ಕಾಫಿ ಕಾಯಿ ಇನ್ನೂ ಹಸಿರು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತೆ. ಬೆಂಗಳೂರಿನವರಿಗೆ ಮೊದಲ ಪೆಟ್ಟು ಇಲ್ಲೇ. ಇದು ಬರೀ ರಸ್ತೆ ಅಲ್ವಾ ಅಂತ ಜೋರಾಗಿ ನಡೆದು ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತಾರೆ. ಅರಣ್ಯ ಇಲಾಖೆಯ ಗೇಟು ದಾಟಿದ ಮೇಲೆ ಬೆಟ್ಟದ ಸೊಂಟ ಬಳಸಿಕೊಂಡು ಹೋಗುವ ಅಗಲವಾದ ದಾರಿ, ಅಲ್ಲಲ್ಲಿ ತೊರೆ. ಆಮೇಲೆ ಆ ದೊಡ್ಡ ಬಂಡೆ ಬರುತ್ತೆ. ಎಲ್ಲರೂ ಕೂತು ಬಿಸ್ಕತ್ತು ತಿನ್ನುವ ಜಾಗ. ನಾನು ಎಲ್ಲರಿಗೂ ಹೇಳೋದು, ಈ ಬಂಡೆಯನ್ನೇ ನಿಮ್ಮ ಶಿಖರ ಅಂದುಕೊಂಡು ಹೊರಡಿ. ಅಲ್ಲಿ ಕೂತು ಗಡಿಯಾರ ನೋಡಿ, ಆಕಾಶ ನೋಡಿ, ಜೊತೆಯವರ ಮುಖ ನೋಡಿ. ಮೂರೂ ಚೆನ್ನಾಗಿದ್ದರೆ ಮೇಲೆ ಹೋಗಿ. ಯಾಕೆಂದರೆ ನಿಜವಾಗಿ ಹತ್ತೋದು ಅಲ್ಲಿಂದಲೇ ಶುರು. ಕೊನೆಯ ಭಾಗದಲ್ಲಿ ಶೋಲಾ ಕಾಡಿನ, ಅಂದರೆ ಹುಲ್ಲಿನ ಬೆಟ್ಟಗಳ ಮಡಿಲಲ್ಲಿ ಬೆಳೆಯುವ ದಟ್ಟ ಕಾಡಿನ ಒಳಗೆ ಕಡಿದಾದ ಏರು. ಬೇರುಗಳೇ ಮೆಟ್ಟಿಲು. ಮಳೆ ಬಂದ ಮಾರನೇ ದಿನ ಆ ಬೇರುಗಳ ಮೇಲೆ ಕಾಲು ನಿಲ್ಲಲ್ಲ.

ಇಂಬಳದ ಬಗ್ಗೆ ಜನ ಸಿಕ್ಕಾಪಟ್ಟೆ ಹೆದರುತ್ತಾರೆ, ಇಲ್ಲಾ ಹೆದರಿಕೆಯೇ ಇಲ್ಲದೆ ಚಪ್ಪಲಿಯಲ್ಲಿ ಬರ್ತಾರೆ. ಒಂದು ಸಲ ಅದು ಹತ್ತುವುದನ್ನು ಕೂತು ನೋಡಿದೆ. ಒದ್ದೆ ಎಲೆಯ ಅಂಚಿನಲ್ಲಿ ಹಿಂದಿನ ತುದಿ ಊರಿ ಎದ್ದು ನಿಂತಿತ್ತು. ಮೂತಿ ಗಾಳಿಯಲ್ಲಿ ಆ ಕಡೆ ಈ ಕಡೆ ಹುಡುಕುತ್ತಿತ್ತು. ನನ್ನ ಶೂ ಪಕ್ಕ ಬಂದ ಕೂಡಲೇ ಅಲ್ಲಾಡುವುದು ನಿಲ್ಲಿಸಿ ನೇರ ಈ ಕಡೆ ಬಾಗಿತು. ಶೂಗೆ ಅಂಟಿ, ಮಡಚಿ, ಚಾಚಿ, ಲೇಸಿನ ತೂತಿನ ಹತ್ತಿರ ಬಂದು, ಅಲ್ಲಿ ದಾರಿ ಸಿಗದೆ ಸಾಕ್ಸಿನ ಮೇಲೆ ಹತ್ತಿತು. ಸಾಕ್ಸಿನ ನೇಯ್ಗೆ ಸಡಿಲ ಇದ್ದ ಕಡೆ ಮೈ ಸಣ್ಣ ಮಾಡಿಕೊಂಡು ಒಳಗೆ ನುಗ್ಗಲು ಶುರು ಮಾಡಿತು. ಆಗ ಉಪ್ಪು ಹಾಕಿದೆ. ಅಲ್ಲಿಯವರು ಹೊಗೆಸೊಪ್ಪು, ಸುಣ್ಣ ಇಟ್ಟುಕೊಳ್ಳುತ್ತಾರೆ. ನಮ್ಮವರು ಒಂದು ಬಟ್ಟೆಗೆ ಉಪ್ಪು ಕಟ್ಟಿಕೊಂಡರೆ ಸಾಕು. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಏನೂ ಮಾಡೋಕಾಗಲ್ಲ. ಕಚ್ಚಿದ ಮೇಲೆ ಗಾಬರಿಯಾಗಿ ಕಿತ್ತೆಸೆಯೋದಕ್ಕಿಂತ ನಿಧಾನವಾಗಿ ಬಿಡಿಸೋದು ವಾಸಿ. ಸ್ವಲ್ಪ ಹೊತ್ತು ರಕ್ತ ನಿಲ್ಲಲ್ಲ, ಅದರ ಜೊಲ್ಲಿನಲ್ಲೇ ಆ ಗುಣ ಇದೆ. ಭಯ ಬೇಡ.

ತುದಿಯಲ್ಲಿ ಏನು ಕಾಣುತ್ತೆ? ಹುಲ್ಲಿನ ಬೆಟ್ಟಗಳು ಒಂದರ ಹಿಂದೆ ಒಂದು, ಒಂದು ಕಡೆ ಕೇರಳ. ಅರಬ್ಬೀ ಸಮುದ್ರ ಕಾಣುತ್ತೆ ಅಂತಲೂ ಹೇಳ್ತಾರೆ. ನನಗೆ ಕಂಡಿದ್ದು ಮೋಡ. ಮಡಿಕೇರಿಯಿಂದ ಆರಕ್ಕೆ ಹೊರಟರೆ ಬಿಸಿಲೇರುವ ಮುಂಚೆ ನಡೆಯಲು ಶುರು ಮಾಡಿ, ಹನ್ನೊಂದರ ಸುಮಾರಿಗೆ ಮೇಲಿದ್ದು, ಎರಡರೊಳಗೆ ಅರಮನೆ ಹತ್ತಿರ ಇರಬಹುದು. ಅಕ್ಟೋಬರಿನಲ್ಲಿ ಆರು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ತೋಟಗಳ ದಾರಿಯಲ್ಲಿ ಕತ್ತಲಾದ ಮೇಲೆ ಆನೆಗಳ ಓಡಾಟ. ಅವುಗಳ ಜೊತೆ ಹಬ್ಬ ಆಚರಿಸಬೇಕಿಲ್ಲ.

ಟಿಕೆಟ್ ಬಗ್ಗೆ ಒಂದು ಮಾತು. ಮೊದಲೆಲ್ಲ ಗೇಟಿನಲ್ಲಿ ಹೆಸರು ಬರೆಸಿ ಹೋಗ್ತಿದ್ವಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿತು. ಅದೇ ವರ್ಷ ಅರಣ್ಯ ವಿಹಾರ ಅನ್ನೋ ಜಾಲತಾಣ ಬಂತು. ಈಗ ಅಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಕೆಲವರು ಇದನ್ನು ಬೈಯ್ತಾರೆ. ನನಗಂತೂ ಸರಿ ಅನ್ನಿಸುತ್ತೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸಾಲಿನಲ್ಲಿ ನಿಲ್ಲೋಕೆ ಅಷ್ಟು ದೂರ ಹೋಗಬೇಕಾ? ತೊಂದರೆ ಒಂದೇ. ದಸರಾ ರಜೆಯ ಸೀಟುಗಳು ಬೇಗ ತುಂಬುತ್ತವೆ. ಹೋಂಸ್ಟೇ ಬುಕ್ ಮಾಡಿ, ಬಸ್ ಬುಕ್ ಮಾಡಿ, ಕೊನೆಗೆ ಬೆಟ್ಟ ನೋಡೋದು ನಮ್ಮ ಕ್ರಮ. ತಿರುಗಿಸಿ ಮಾಡಿ. ಮೊದಲು ಬೆಟ್ಟದ ದಿನ ಸಿಗಲಿ.

ಕುಮಾರ ಪರ್ವತವನ್ನೇ ಕೇಳುವವರೂ ಇದ್ದಾರೆ. 1,712 ಮೀಟರ್, ತಡಿಯಂಡಮೋಳಿಗಿಂತ ಸ್ವಲ್ಪ ಕಡಿಮೆ ಅಂತ ಅವರ ವಾದ. ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯಿಂದ ಹತ್ತಿದರೆ ಕುಕ್ಕೆ ದಾರಿಗಿಂತ ಹತ್ತಿರ, ನಿಜ. ಆದರೂ ದಟ್ಟ ಕಾಡು, ಜಾರು ಬಂಡೆ, ಇಡೀ ದಿನದ ಕೆಲಸ. ಹಬ್ಬದ ಪ್ರವಾಸಕ್ಕೆ ಬೇಡ. ಅದಕ್ಕೆ ಅಂತಲೇ ಇನ್ನೊಂದು ಸಲ ಹೋಗಿ, ಡಿಸೆಂಬರಿನಲ್ಲೋ ಜನವರಿಯಲ್ಲೋ.

ಈ ಎತ್ತರದ ಲೆಕ್ಕ ನಮಗೆ ಹೇಗೆ ಅಂಟಿಕೊಂಡಿತೋ. ನಂದಿ ಬೆಟ್ಟ 1,478 ಮೀಟರ್. ಮಡಿಕೇರಿ ಊರು ಇರೋದು 1,150 ಮೀಟರಿನ ಆಸುಪಾಸಿನಲ್ಲಿ. ಅಂದರೆ ನಾವು ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋಗಿ ಕಾಫಿ ಕುಡಿದು ಬರುವ ಜಾಗ ಮಡಿಕೇರಿಗಿಂತ ಎಷ್ಟೋ ಮೇಲಿದೆ! ಅಂಕಿ ಹಿಡಿದುಕೊಂಡು ಏನೂ ಗೊತ್ತಾಗಲ್ಲ. ಸಾವನದುರ್ಗ ಹತ್ತಿ ಅಭ್ಯಾಸ ಇದೆ ಅನ್ನೋರಿಗೆ ಕಾಲಲ್ಲಿ ಶಕ್ತಿ ಇರುತ್ತೆ, ಒಪ್ಪಿದೆ. ಆದರೆ ಅದು ಒಣ ಬಂಡೆ. ಶೂ ಕಚ್ಚಿ ಹಿಡಿಯುತ್ತೆ. ಕೊಡಗಿನಲ್ಲಿ ಕೆಂಪು ಜೇಡಿ, ಒದ್ದೆ ಹುಲ್ಲು, ಪಾಚಿ. ಪಾರ್ಕಿನಲ್ಲಿ ಓಡುವ ಮೆತ್ತನೆ ಶೂನ ಸಪಾಟು ಅಡಿ ಅಲ್ಲಿ ಕೈ ಕೊಡುತ್ತೆ, ಅದೂ ಇಳಿಯುವಾಗ. ಹಲ್ಲು ಇರುವ ಅಡಿ ಬೇಕು. ಒಂದು ಕೋಲು ಇದ್ದರೆ ಮಂಡಿಗೆ ಉಪಕಾರ.

ಜನ ಜಾಸ್ತಿ ಕೇಳದ, ನಾನು ಜಾಸ್ತಿ ಹೇಳುವ ಬೆಟ್ಟ ಕೋಟೆಬೆಟ್ಟ. ಸುಂಟಿಕೊಪ್ಪದಿಂದ ಮಾದಾಪುರದ ಕಡೆ ತಿರುಗಿಕೊಂಡು ಹೋಗೋದು. 1,600 ಮೀಟರಿಗಿಂತ ಮೇಲಿದೆ. ತುದಿಯಲ್ಲಿ ಶಿವನ ಪುಟ್ಟ ಗುಡಿ, ಬಂಡೆಗಳ ನಡುವೆ ನೀರಿನ ಕೊಳ. ದಾರಿಯ ಬಹುಭಾಗ ಜೀಪ್ ರಸ್ತೆಯೇ. ಎಷ್ಟು ನಡೆಯಬೇಕು ಅನ್ನೋದನ್ನು ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಗಾಡಿ ಎಲ್ಲಿ ನಿಲ್ಲಿಸುತ್ತೀರೋ ಅಲ್ಲಿಂದ ನಡೆ. ಶೋಲಾ ಕಾಡಿನ ಕಡಿದಾದ ಏರಿಲ್ಲ. ಇದಕ್ಕಿಂತ ದೊಡ್ಡ ಗುಣ ಇನ್ನೊಂದು ಇದೆ. ಇದು ಮಡಿಕೇರಿಗಿಂತ ಈಚೆಗಿದೆ, ಬೆಂಗಳೂರು ಕಡೆಗೆ. ಹಬ್ಬದ ದಿನಗಳಲ್ಲಿ ಮಡಿಕೇರಿ ಊರೊಳಗೆ ಕಾರು ತೂರಿಸೋದು ಒಂದು ಸಾಹಸ. ಮೊದಲೇ ಇಕ್ಕಟ್ಟು ರಸ್ತೆ, ಅದರ ಮೇಲೆ ಬ್ಯಾರಿಕೇಡು, ಅಂಗಡಿ ಸಾಲು. ಸುಂಟಿಕೊಪ್ಪ, ಕುಶಾಲನಗರದ ಕಡೆ ಉಳಿದುಕೊಂಡವರು ಊರಿನ ಉಸಾಬರಿಯೇ ಇಲ್ಲದೆ ಬೆಳಿಗ್ಗೆ ಬೆಟ್ಟ ಮುಗಿಸಿ, ಸಂಜೆ ಬಸ್ಸಿನಲ್ಲಿ ಹಬ್ಬಕ್ಕೆ ಬರಬಹುದು. ಆಯುಧಪೂಜೆ ದಿನಕ್ಕೆ ನನ್ನ ಆಯ್ಕೆ ಇದೇ. ತುದಿ ಮಾತ್ರ ಪೂರ್ತಿ ಬಯಲು. ಗುಡುಗು ಕೇಳಿದ ಕೂಡಲೇ ಇಳಿಯಬೇಕು, ಇನ್ನೊಂದು ಫೋಟೋ ಅಂತ ನಿಲ್ಲಬಾರದು.

ಮಾಂದಲಪಟ್ಟಿ? ಅದು ಚಾರಣ ಅಲ್ಲ, ಜೀಪ್ ಸವಾರಿ. ಗೋಣಿಚೀಲದಲ್ಲಿ ಹಾಕಿ ಕುಲುಕಿದ ತೆಂಗಿನಕಾಯಿಗಳ ಥರ ಹಿಂದೆ ಕೂತವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಹೋಗೋದು. ಮೇಲೆ ಸ್ವಲ್ಪ ನಡೆದರೆ ತುದಿ. ಮೋಡ ಸರಿದರೆ ಸೊಗಸು, ಸರಿಯದಿದ್ದರೆ ಬಿಳಿ ಗೋಡೆ. ಮಕ್ಕಳು, ಮಂಡಿ ನೋವಿನವರು ಇರುವ ಗುಂಪಿಗೆ ಒಳ್ಳೆಯದೇ. ನನಗೆ ಆ ದಾರಿಯಲ್ಲಿ ಬೇರೆ ವಿಷಯ ಕಾಡುತ್ತೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದದ್ದು ಈ ಸುತ್ತಲೇ. ಕಾಲೂರು, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ಆ ವಾರ ಬೆಂಗಳೂರಿನಲ್ಲಿ ನಾವೆಲ್ಲ ಅಕ್ಕಿ, ಕಂಬಳಿ, ಬಿಸ್ಕತ್ತು ಕಳಿಸಿದ್ದು ನೆನಪಿರಬೇಕು. ಕೆಂಪಾಗಿ ಸೀಳಿದ್ದ ಇಳಿಜಾರಿನ ಮೇಲೆ ಈಗ ಹಸಿರು ಬಂದಿದೆ. ಹೊಸಬರಿಗೆ ಗೊತ್ತೇ ಆಗಲ್ಲ. ಪಕ್ಕದಲ್ಲಿ ಕೂತ ಡ್ರೈವರನ್ನು ಒಮ್ಮೆ ಕೇಳಿದೆ. 'ಆ ಗದ್ದೆ ನಮ್ಮ ಚಿಕ್ಕಪ್ಪಂದು, ಈಗ ಅದು ಗದ್ದೆ ಅಲ್ಲ' ಅಂದು ಗೇರ್ ಬದಲಿಸಿದರು. ಹೆಚ್ಚು ಕೇಳಲಿಲ್ಲ. ಹಿಂದಿನ ಸೀಟಿನವರು ಹಾಡು ಹಾಕಿ ಅಂತಿದ್ದರು.

ಬ್ರಹ್ಮಗಿರಿ ಅನ್ನೋ ಹೆಸರಿನಲ್ಲಿ ಎರಡು ಬೆಟ್ಟ ಇವೆ, ಗೊಂದಲ ಬೇಡ. ಒಂದು ತಲಕಾವೇರಿಯ ಮೇಲಿನದು. 2020ರ ಆಗಸ್ಟಿನಲ್ಲಿ ಅಲ್ಲಿ ದೊಡ್ಡ ಭೂಕುಸಿತವಾಗಿ ಅರ್ಚಕರ ಮನೆ, ಒಳಗಿದ್ದವರ ಸಮೇತ ಹೋಯಿತು. ಮೇಲೆ ಹತ್ತೋಕೆ ಬಿಡ್ತಾರಾ ಅಂತ ವಿಚಾರಿಸಿಕೊಂಡು ಹೋಗಿ. ಅದೂ ಅಲ್ಲದೆ ಅಕ್ಟೋಬರ್ 17ರ ಆಸುಪಾಸಿಗೆ ತುಲಾ ಸಂಕ್ರಮಣ, ತೀರ್ಥೋದ್ಭವ. ಆವತ್ತು ಅಲ್ಲಿ ಭಕ್ತರಿಗೇ ಕಾಲಿಡಲು ಜಾಗ ಇರಲ್ಲ, ಶೂ ಹಾಕಿದ ನಮಗೇನು ಕೆಲಸ? ಇನ್ನೊಂದು ಬ್ರಹ್ಮಗಿರಿ ದಕ್ಷಿಣದಲ್ಲಿ, ಲಕ್ಷ್ಮಣ ತೀರ್ಥ ನದಿ ಧುಮುಕುವ ಇರ್ಪುವಿನ ಮೇಲೆ, ಕೇರಳದ ಗಡಿಯಲ್ಲಿ. ಚೆಂದದ ದಾರಿ. ಮಡಿಕೇರಿಯಿಂದ ಬಲು ದೂರ. ಗೋಣಿಕೊಪ್ಪದಲ್ಲೂ ದಸರಾ ನಡೆಯುತ್ತೆ, ಅಲ್ಲೂ ಮಂಟಪಗಳಿವೆ. ಆ ಹಬ್ಬಕ್ಕೆ ಹೋಗುವವರು ಇರ್ಪು ಹಿಡಿಯಲಿ.

ಊರಿನೊಳಗಿನ ನಡಿಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ವಿಜಯದಶಮಿಯ ಹಗಲು ಇದಕ್ಕೇ ಹೇಳಿ ಮಾಡಿಸಿದ್ದು. ನಮ್ಮ ಮನೆಯಲ್ಲಿ ಅಮ್ಮನಿಗೆ ಎಪ್ಪತ್ತು ದಾಟಿದೆ. ಬೆಟ್ಟದ ದಿನ ಅವರು ಹೋಂಸ್ಟೇಯಲ್ಲಿ ಕೂತು ಅಡುಗೆಯವರ ಹತ್ತಿರ ಕಾಚಂಪುಳಿ ಎಲ್ಲಿ ಸಿಗುತ್ತೆ ಅಂತ ವಿಚಾರಿಸುತ್ತಾರೆ. ಹಂದಿ ಮಾಂಸ ಮುಟ್ಟದ ಮನೆಯಲ್ಲಿ ಆ ಹುಳಿಗೆ ಏನು ಕೆಲಸ ಅಂತ ನಾನು ಕೇಳಿಲ್ಲ. ದಶಮಿಯ ದಿನ ಎಲ್ಲರೂ ಒಟ್ಟಿಗೆ. ತಡವಾಗಿ ಎದ್ದು ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ, ಮೂಲೆಗೆ ಮಿನಾರು, ಒಳಗೆ ಶಿವ, ಮುಂದೆ ಕೆರೆ. ಅಲ್ಲಿಂದ ಕೋಟೆ. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ ಗೋಡೆ, ಒಳಗೆ ನಿಜ ಗಾತ್ರದ ಎರಡು ಗಾರೆ ಆನೆ. ಆಮೇಲೆ ಬೇಕಾದರೆ ರಾಜರ ಗದ್ದುಗೆ, ಅಂದರೆ ಸಮಾಧಿಗಳು. ಹೊರಟ ಕಡೆಯಿಂದ ಎಲ್ಲವೂ ಒಂದು ಏರು, ಒಂದು ಇಳಿಜಾರು. ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಹುಡುಕಬೇಕು. ಈ ನಡಿಗೆಯಲ್ಲೇ ಸಂದಿಗಳಲ್ಲಿ ಮಂಟಪ ಸಿದ್ಧವಾಗುತ್ತಿರೋದು ಕಾಣುತ್ತೆ. ಟಾರ್ಪಾಲಿನ ಅಡಿ ವೆಲ್ಡಿಂಗ್ ಕಿಡಿ, ಬಣ್ಣ ಆರದ ರಾಕ್ಷಸನ ತಲೆ ನೆಲದ ಮೇಲೆ, ಅದರ ಪಕ್ಕ ಟೀ ಲೋಟ. ರಾತ್ರಿ ಅದೇ ತಲೆ ಉರುಳುವಾಗ ಅಮ್ಮ 'ಇದಕ್ಕೇ ಅಲ್ವಾ ಬೆಳಿಗ್ಗೆ ಮೀಸೆ ಇರಲಿಲ್ಲ' ಅಂದರು.

ಹೋಗೋ ದಾರಿ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾದ್ದು ಕಡಿಮೆ. 260 ಕಿಲೋಮೀಟರ್ ಚಿಲ್ಲರೆ. ಹಬ್ಬದ ಮುಂಚಿನ ಸಂಜೆ ನಾಯಂಡಹಳ್ಳಿಯಿಂದ ಕೆಂಗೇರಿ ದಾಟೋದರಲ್ಲೇ ಅರ್ಧ ಉತ್ಸಾಹ ಹೋಗುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ಇಲ್ಲಾ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿ ಬಸ್ ಹಿಡಿಯಿರಿ. ದಸರೆಗೆ ಹೆಚ್ಚುವರಿ ಬಸ್ ಬಿಡ್ತಾರೆ. ಕಾರಿನವರು ಮೈಸೂರು ಊರೊಳಗೆ ಹೋಗದೆ ಶ್ರೀರಂಗಪಟ್ಟಣದಿಂದ ಕೆಆರ್‌ಎಸ್ ಮೇಲೆ ಇಲವಾಲಕ್ಕೆ ಸೇರಿಕೊಳ್ಳಬಹುದು. ದೀಪಾಲಂಕಾರ ನೋಡಿಕೊಂಡೇ ಹೋಗೋಣ ಅಂತ ಒಬ್ಬರು ಇದ್ದೇ ಇರ್ತಾರೆ ಕಾರಿನಲ್ಲಿ. ಅವರ ಮಾತು ಕೇಳಬೇಡಿ.

2026ರಲ್ಲಿ ದಸರೆ ಅಕ್ಟೋಬರ್ 20ರ ಆಸುಪಾಸಿಗೆ ಬರುತ್ತೆ. ತಡವಾದ ಹಬ್ಬ, ತೀರ್ಥೋದ್ಭವವೂ ಅದಕ್ಕೆ ಅಂಟಿಕೊಂಡೇ ಬರುತ್ತೆ. ಭಾಗಮಂಡಲ ರಸ್ತೆ ಸಂಕ್ರಮಣದ ದಿನ ಬೇಡ. ಮಾರನೇ ದಿನ ಭಾನುವಾರ, ಬೆಳಗಿನ ಆಕಾಶದ ಮೇಲೆ ಭರವಸೆ ಇಟ್ಟು ತಡಿಯಂಡಮೋಳ್ ಹತ್ತಿ ಮಧ್ಯಾಹ್ನದೊಳಗೆ ಇಳಿಯೋದು ನನ್ನ ಲೆಕ್ಕ. ಹೆಂಡತಿಯ ಲೆಕ್ಕ ಬೇರೆ. ಭಾನುವಾರ ಅಲ್ಲಿ ಜನಜಾತ್ರೆ ಇರುತ್ತೆ, ಕೋಟೆಬೆಟ್ಟ ಸಾಕು, ತಡಿಯಂಡಮೋಳ್ ಡಿಸೆಂಬರಿಗೆ ಇಟ್ಟುಕೊಳ್ಳೋಣ ಅನ್ನುತ್ತಾಳೆ. ಅವಳು ಹೇಳೋದು ನಾನು ಊರವರಿಗೆಲ್ಲ ಹೇಳುವ ಮಾತೇ, ಅದೇ ತಲೆನೋವು. ಮಗಳಿಗೆ ಇಬ್ಬರ ಬೆಟ್ಟವೂ ಬೇಡವಂತೆ. ಅವಳಿಗೆ ಮಂಟಪದ ಚೌಕಟ್ಟಿನ ಒಳಗೆ ಒಂದು ಸಲ ಕೂತು ಲಿವರ್ ಎಳೆಯಬೇಕಂತೆ. ಅದಕ್ಕೆ ಯಾವ ಜಾಲತಾಣದಲ್ಲಿ ಬುಕ್ ಮಾಡೋದು ಅಂತ ದಿನಾ ಕೇಳ್ತಾಳೆ.